ನಾಲೆ ಏರಿಯವರೆಗೂ ಕೇಳುವ ಪಾಠ

ಹೊಂಗೆಹುಂಡಿಯಲ್ಲಿ ಶಾಲೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಯಾರೂ ಶಾಲೆಗೆ ಹೋಗುತ್ತಿರಲಿಲ್ಲ. ನಾಲೆ ಏರಿಯ ಮೇಲೆ ನಿಂತು ಕಿವಿಗೊಟ್ಟರೆ ಸಾಕಿತ್ತು. ಇಂದ್ರಾಣಿ ಮೇಡಂ ಅವರ ನಾಲ್ಕನೇ ತರಗತಿ ಒಟ್ಟಾಗಿ ಪಾಠ ಓದುವ ಸದ್ದು ಗದ್ದೆ ಬಯಲು ದಾಟಿ, ಕಬ್ಬು ದಾಟಿ, ನೀರು ಕಟ್ಟುವವರ ಕಿವಿಗೆ ಬಂದು ಬೀಳುತ್ತಿತ್ತು. ಸದ್ದು ಜೋರಾಗಿದ್ದರೆ ಪಾಠ ಜೋರಾಗಿದೆ ಎಂದರ್ಥ. ಸದ್ದು ಮಾಡದ ಮೇಷ್ಟರಿಗೆ ಸಂಬಳ ಯಾಕೆ ಎನ್ನುವುದು ಊರಿನವರ ನ್ಯಾಯ. ಆ ನ್ಯಾಯದ ಪ್ರಕಾರ ಹುಲ್ಲಹಳ್ಳಿ ಸುತ್ತಮುತ್ತ ಇಂದ್ರಾಣಿಯವರಷ್ಟು ದೊಡ್ಡ ಮೇಡಂ ಇನ್ನೊಬ್ಬರಿರಲಿಲ್ಲ.

ಮೇಡಂ ತಿ. ನರಸೀಪುರದವರು. ಗಂಡ ದೇವಯ್ಯ ಅಲ್ಲೇ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ನರಸೀಪುರದಿಂದ ನಂಜನಗೂಡಿಗೆ ಒಂದು ಬಸ್ಸು, ನಂಜನಗೂಡಿನಿಂದ ಹುಲ್ಲಹಳ್ಳಿ ಕಡೆಗೆ ಇನ್ನೊಂದು, ಸಂಜೆ ಅದೇ ಸವಾರಿ ತಿರುಗುಮುರುಗು. ಕಟ್ಟಿಕೊಂಡ ಗಂಡನ ಮುಖಕ್ಕಿಂತ ಕಂಡಕ್ಟರುಗಳ ಮುಖವನ್ನೇ ಹೆಚ್ಚು ನೋಡಿದ್ದೇನೆ ಎಂದು ಅವರೇ ಹೇಳಿ ನಗುತ್ತಿದ್ದರು. ಊರಿಗೆ ಹತ್ತಿರ ವರ್ಗ ಕೊಡಿ ಎಂದು ಪ್ರತಿ ಸಲವೂ ಕೇಳುವರು, ಪ್ರತಿ ಸಲವೂ ಇಲ್ಲ ಎನ್ನಿಸಿಕೊಳ್ಳುವರು, ಮಾರನೇ ದಿನ ಮತ್ತೆ ಬಸ್ಸು ಹತ್ತುವರು. ಇಷ್ಟೆಲ್ಲ ಕಷ್ಟಕ್ಕೆ ಅವರಿಗಿದ್ದ ಒಂದೇ ಸಮಾಧಾನ ಆ ಸದ್ದು. ಬಸ್ಸಿಳಿದು ಬರುವಾಗ ನಾಲೆಯ ಹತ್ತಿರ ಯಾರಾದರೂ ಸಿಕ್ಕಿ, "ನಿನ್ನೆ ಮಕ್ಕ ಬೋ ಚೆಂದಾಗಿ ಓದ್ತಿದ್ವು ಕಣ್ರವ್ವ" ಎಂದರೆ ಸಾಕು, ಮೇಡಂ ಮುಖ ಅರಳಿಬಿಡುವುದು.

ಆ ಸದ್ದಿಗೆ ಒಬ್ಬಳು ಲೀಡರ್ ಇದ್ದಳು, ಕೋಮಲ ಅಂತ. ಅವಳು ಪುಸ್ತಕ ಹಿಡಿದು ಒಂದು ಸಾಲು ಹೇಳುವಳು, ಉಳಿದವರು ಅದನ್ನೇ ಎತ್ತಿ ಕೂಗುವರು. ಏನು ಗಂಟಲು ಅಂತೀರಿ! ಮೈಕಿನವರು ಬಂದು ಪಾಠ ಹೇಳಿಸಿಕೊಳ್ಳಬೇಕು, ಹಾಗಿತ್ತು. ಅವಳ ತಾತ ಸಣ್ಣಯ್ಯ ಶಾಲೆಯ ಎಸ್.ಡಿ.ಎಂ.ಸಿ. ಅಧ್ಯಕ್ಷ, ಅಂದರೆ ಊರಿನವರ ಪರವಾಗಿ ಶಾಲೆಯನ್ನು ನೋಡಿಕೊಳ್ಳುವ ಯಜಮಾನ. ಏರಿಯ ಮೇಲೆ ಗುದ್ದಲಿ ಊರಿಕೊಂಡು ನಿಂತು, "ಆ ಮುಂದಿನ ದನಿ ಅದೆಯಲ್ಲ, ಅದು ನಮ್ ಮಗ" ಎಂದು ಮೊಮ್ಮಗಳ ದನಿಯನ್ನು ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದ. ದನಿಯನ್ನು ಕೈ ಮಾಡಿ ತೋರಿಸುವ ಮನುಷ್ಯನನ್ನು ನೀವು ಅಲ್ಲಿ ಮಾತ್ರ ನೋಡಬಹುದಿತ್ತು.

ಹೀಗೆ ಎಲ್ಲರೂ ಸುಖವಾಗಿದ್ದಾಗ ಬಂತು ನೋಡಿ, ‘ಬದಲಾಗೋಣ ಬನ್ನಿ’.

ಅದು ಶಿಕ್ಷಕರಿಗೆ ಫೋನಿನಲ್ಲೇ ಕೊಡುವ ತರಬೇತಿ. ವಿಡಿಯೊ ನೋಡಬೇಕು, ಪ್ರಶ್ನೆಗಳಿಗೆ ಉತ್ತರ ಒತ್ತಬೇಕು, ಕಲಿತದ್ದನ್ನು ತರಗತಿಯಲ್ಲಿ ಮಾಡಿ ಅದರದ್ದೊಂದು ಪುಟ್ಟ ವಿಡಿಯೊ ಕಳಿಸಬೇಕು, ಆಮೇಲೆ ಪ್ರಮಾಣಪತ್ರ. ಕ್ಲಸ್ಟರ್ ಎಂದು ಕರೆಯುವ ಸುತ್ತಲಿನ ಶಾಲೆಗಳ ಉಸ್ತುವಾರಿಯ ಸಿ.ಆರ್.ಪಿ. ನಾಗೇಂದ್ರ ವಾಟ್ಸಾಪ್ ಗ್ರೂಪಿನಲ್ಲಿ ಅಪ್ಪಣೆ ಹೊರಡಿಸಿದ: ‘ಎಲ್ಲರೂ ಶನಿವಾರದೊಳಗೆ ಬದಲಾಗತಕ್ಕದ್ದು.’ ಅದರ ಹಿಂದೆಯೇ ಉತ್ತರಗಳೂ ಬಂದವು. ಪ್ರಶ್ನೆಗಳು ಇನ್ನೂ ಬಂದಿರಲಿಲ್ಲ.

ತರಬೇತಿ ಪಡೆಯುವ ಕ್ರಮವನ್ನು ಹೆಡ್‌ಮಾಸ್ಟರ್ ಮಹಾದೇವಸ್ವಾಮಿಯವರಿಂದ ಕಲಿಯಬೇಕು. ಬಿಸಿಯೂಟ ಮುಗಿದ ಮೇಲೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ವಿಡಿಯೊ ಹಚ್ಚಿ, ತಾವು ಕುರ್ಚಿಗೆ ಒರಗುತ್ತಿದ್ದರು. ಫೋನು ತರಬೇತಿ ಪಡೆಯುತ್ತಿತ್ತು, ಅವರು ಗೊರಕೆ ಹೊಡೆಯುತ್ತಿದ್ದರು. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಈ ಮಹಾನುಭಾವರ ಪಾಲಿಗೇ ಬಂದಿದ್ದವು. ಅವರು ಮೀಟಿಂಗಿಗೆ ಹೋಗದ ದಿನ ಅವಕ್ಕೆ ಪಾಠ. ಅವರು ಮೀಟಿಂಗಿಗೆ ಹೋಗದ ದಿನ ಯಾವುದು ಎಂದು ಮಾತ್ರ ಯಾರಿಗೂ ನೆನಪಿಲ್ಲ.

ಇಂದ್ರಾಣಿ ಮೇಡಂ ಇವರಿಗಿಂತ ಮೇಲೇನಲ್ಲ. ಬಸ್ಸಿನಲ್ಲಿ ವಿಡಿಯೊ ಹಚ್ಚಿ ಫೋನನ್ನು ಬ್ಯಾಗಿನೊಳಗೆ ತಳ್ಳಿ ಕಣ್ಣುಮುಚ್ಚಿ ಕೂತಿದ್ದರು. ನಂಜನಗೂಡು ಬಿಟ್ಟು ಸ್ವಲ್ಪ ದೂರ ಹೋಗಿತ್ತು. ಬೆಳಗಿನ ಜಾವದ ಸಂತೆಯಲ್ಲಿ ಬದನೆಕಾಯಿ ಮಾರಿ ಖಾಲಿ ಕುಕ್ಕೆ ತೊಡೆಯ ಮೇಲಿಟ್ಟುಕೊಂಡಿದ್ದ ಮಲ್ಲಾಜಮ್ಮ ಎಂಬ ಪಕ್ಕದ ಸೀಟಿನ ಹೆಂಗಸು ಮೊಣಕೈಯಲ್ಲಿ ತಿವಿದಳು.

"ಅವ್ವಾ, ನಿಮ್ ಬ್ಯಾಗಲ್ಲಿ ಯಾರೋ ಮಾತಾಡ್ತಾವ್ರೆ."

"ತರಬೇತಿ ಕಣಮ್ಮ. ಅದರ ಪಾಡಿಗೆ ಅದು ಮಾತಾಡುತ್ತೆ, ಬಿಡಿ."

"ಅಯ್, ಅಂಗೆ ಬುಟ್ರೆ ಆದದಾ? ಈಚೆಗೆ ತಗೀರಿ, ನೋಡವಾ. ಈ ಬಸ್ಸಲ್ಲಿ ಇನ್ನೇನ್ ಗೇಯಾದದೆ."

ತೆಗೆಯದೆ ವಿಧಿಯಿಲ್ಲ. ಫೋನಿನಲ್ಲಿ ಇಸ್ತ್ರಿ ಮುರಿಯದ ಸೀರೆಯುಟ್ಟ ಒಬ್ಬ ಹೆಂಗಸು ಫ್ಯಾನಿನ ಕೆಳಗೆ ನಿಂತಿದ್ದಳು. ಹಿಂದೆ ಬಿಳಿ ಸಾಕ್ಸು ಹಾಕಿದ ನಾಲ್ಕೈದು ಮಕ್ಕಳು. ಒಂದು ಮಗುವಿನ ಮೂಗೂ ಸುರಿಯುತ್ತಿರಲಿಲ್ಲ. ಅಂಥ ಮಕ್ಕಳನ್ನು ಎಲ್ಲಿಂದ ಬಾಡಿಗೆಗೆ ತರುತ್ತಾರೋ ಎಂದು ಮೇಡಂ ಮೂಗು ಮುರಿದರು. ಆ ಹೆಂಗಸು ಕ್ಯಾಮೆರಾ ನೋಡಿ ನಗುತ್ತಾ ಕೇಳಿದಳು: ‘ನಿಮ್ಮ ಮಕ್ಕಳು ಒಟ್ಟಾಗಿ ಓದುವಾಗ ನಿಜವಾಗಿ ಓದುತ್ತಿರುವವರು ಯಾರು, ಬರೀ ದನಿ ಸೇರಿಸುತ್ತಿರುವವರು ಯಾರು, ನಿಮಗೆ ಗೊತ್ತೇ?’

"ಗೊತ್ತಾ ಮೇಡಮ್ಮೋರೇ?" ಎಂದಳು ಮಲ್ಲಾಜಮ್ಮ.

"ಗೊತ್ತಿಲ್ಲದೆ ಏನು! ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

"ಗೊತ್ತಿದ್ರೆ ಸರಿ ಬುಡಿ. ಯಾಕಂದ್ರೆ ನಾವು ಭಜನೇಲಿ ಅಂಗೇಯ. ಮುಂದಿರೋರು ಪದ ಏಳ್ತಾರೆ, ನಾವು ಇಂದೆ ಕೂತ್ಕಂಡು ಬಾಯಿ ಆಡುಸ್ತೀವಿ. ಯಾವನಿಗೆ ಗೊತ್ತಾದದು?"

ಬದನೆಕಾಯಿ ಮಾರುವವಳು ಅಷ್ಟು ಹೇಳಿ ನೆಟಿಕೆ ಮುರಿದು ನಿದ್ದೆ ಹೋದಳು. ಮೇಡಂಗೆ ನಿದ್ದೆ ಹತ್ತಲಿಲ್ಲ. ಸಿಟ್ಟು ಬಂದಿತ್ತು. ನನ್ನ ತರಗತಿಯನ್ನು ಅನುಮಾನಿಸುವ ಈ ಇಸ್ತ್ರಿ ಸೀರೆಯವಳು ಯಾರು? ಇವತ್ತೇ ಒಬ್ಬೊಬ್ಬರನ್ನೂ ಓದಿಸಿ ಇವಳ ಮುಖಕ್ಕೆ ಹೊಡೆದ ಹಾಗೆ ಮಾಡುತ್ತೇನೆ ಎಂದುಕೊಂಡೇ ಬಸ್ಸಿಳಿದರು. ಸಿಟ್ಟಿನಲ್ಲಿ ಮಾಡಿದ ತಪ್ಪು ಅದು. ಉತ್ತರ ಒತ್ತಿ ಸುಮ್ಮನಿದ್ದಿದ್ದರೆ ಇವತ್ತಿಗೂ ಸುಖವಾಗಿರುತ್ತಿದ್ದರು.

ಮೊದಲು ಎಬ್ಬಿಸಿದ್ದು ಕೋಮಲಳನ್ನೇ. ಗೆಲ್ಲುವ ಕುದುರೆಯನ್ನು ಮೊದಲು ಬಿಡಬೇಕಲ್ಲ.

"ಮೂರನೇ ಪ್ಯಾರಾ ಓದು."

ಕೋಮಲ ಮೊದಲನೆಯದನ್ನು ಶುರುಮಾಡಿದಳು.

"ಮೂರನೇದು ಅಂದೆ ಕಣೇ."

ಹುಡುಗಿ ಕಣ್ಣುಮುಚ್ಚಿದಳು. ತುಟಿ ಪಟಪಟ ಅಲ್ಲಾಡಿತು, ದನಿ ಇಲ್ಲ. ಮೊದಲ ಎರಡು ಪ್ಯಾರಾಗಳನ್ನು ಬಾಯೊಳಗೇ ಓಡಿಸಿಕೊಂಡು ಬಂದು, ಮೂರನೆಯದರ ಬಾಗಿಲಿಗೆ ಬಂದಾಗ ದನಿಯೆತ್ತಿದಳು. ನಡುವಿನ ಸ್ಟಾಪು ಬಿಟ್ಟು ನೇರವಾಗಿ ಹೋಗಲು ಆ ಬಸ್ಸಿಗೆ ಬರುತ್ತಿರಲಿಲ್ಲ. ಮೇಡಂ ಬೋರ್ಡಿನ ಮೇಲೆ ‘ತಾತ ಗದ್ದೆಗೆ ಹೋದರು’ ಎಂದು ಬರೆದು, ಇದನ್ನು ಓದು ಎಂದರು. ಕೋಮಲ ಬೋರ್ಡು ನೋಡಿದಳು, ಮೇಡಂ ಮುಖ ನೋಡಿದಳು.

"ಮಿಸ್, ಇದು ಪಾಠದಲ್ಲಿಲ್ಲ."

ಉಳಿದವರದೂ ಅದೇ ಕತೆ. ಆ ಮಧ್ಯಾಹ್ನ ಮೇಡಂ ಊಟದ ಡಬ್ಬಿ ತೆಗೆಯಲಿಲ್ಲ. ಇಷ್ಟು ವರ್ಷ ತಮ್ಮ ಕೈಕೆಳಗೆ ಕೂಗಿಕೊಂಡು ದಾಟಿಹೋದ ಮಕ್ಕಳನ್ನೆಲ್ಲ ನೆನೆಸಿಕೊಂಡು ಅವಮಾನವಾಯಿತು, ಅಳುವೂ ಬಂತು. ಹೆಡ್‌ಮಾಸ್ಟರ ಮೇಲೆ ಸಿಟ್ಟು ಬಂತು. ಗೊರಕೆಯ ಸದ್ದು ಕೇಳಿ ಆ ಸಿಟ್ಟು ಇಮ್ಮಡಿಯಾಯಿತು. ಕೊನೆಗೆ ಇಸ್ತ್ರಿ ಸೀರೆಯವಳ ವಿಡಿಯೊಗಳನ್ನು, ಮನೆಯಲ್ಲಿ ಬುದ್ಧನ ಪಟದ ಕೆಳಗೆ ಫೋನು ಚಾರ್ಜಿಗೆ ಹಾಕಿ, ನಿಜವಾಗಿಯೇ ಕೂತು ನೋಡಿದರು. ಇಡೀ ಕ್ಲಸ್ಟರಿನಲ್ಲಿ ಅದನ್ನು ನೋಡಿದ ಪ್ರಾಣಿ ಅವರೊಬ್ಬರೇ ಇರಬೇಕು.

ಮಾರನೇ ದಿನದಿಂದ ಹೊಸ ಕ್ರಮ. ಇಬ್ಬಿಬ್ಬರು ಮಕ್ಕಳ ಜೋಡಿ, ಅಕ್ಷರದ ಕೆಳಗೆ ಬೆರಳು, ಒಬ್ಬರು ಮೆಲ್ಲಗೆ ಓದಿದರೆ ಇನ್ನೊಬ್ಬರು ಕೇಳಿಸಿಕೊಳ್ಳಬೇಕು. ವಿಡಿಯೊದಲ್ಲಿ ಇದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿತ್ತು. ಹೊಂಗೆಹುಂಡಿಯಲ್ಲಿ ಮೊದಲ ದಿನವೇ ಯಾರ ಬೆರಳು ಎಲ್ಲಿಡಬೇಕೆಂದು ಜಗಳವಾಗಿ ಪುಸ್ತಕ ಹರಿಯಿತು. ಒಂದು ಜೋಡಿ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಯಿತು. ಮೇಡಂ ಕೈ ತನ್ನಷ್ಟಕ್ಕೆ ಡಸ್ಟರಿಗೆ ಹೋಗುತ್ತಿತ್ತು, ಗಂಟಲು ‘ಹೂಂ, ಎಲ್ಲಾ ಹೇಳಿ’ ಎನ್ನಲು ತವಕಿಸುತ್ತಿತ್ತು. ಕೋಮಲಳ ಸಂಕಟವಂತೂ ನೋಡಲಾಗುತ್ತಿರಲಿಲ್ಲ. ನಿನ್ನೆಯವರೆಗೆ ಲೀಡರಾಗಿದ್ದವಳು ಇವತ್ತು ‘ಗ’ಕ್ಕೂ ‘ದ’ಕ್ಕೂ ತಡವರಿಸಬೇಕು. "ಮಿಸ್, ಜೋರಾಗಿ ಹೇಳ್ಲಾ? ಜೋರಾಗಿ ಹೇಳಿದ್ರೆ ಬರುತ್ತೆ" ಎಂದು ಅಳುತ್ತಿದ್ದಳು. ಮೇಡಂ ಹಟ ಬಿಡಲಿಲ್ಲ. ಏನೇ ಆಗಲಿ, ಈ ಹುಡುಗಿ ನನ್ನ ತರಗತಿ ದಾಟುವ ಮೊದಲು ಪಾಠದಲ್ಲಿಲ್ಲದ ಒಂದು ಸಾಲನ್ನಾದರೂ ತಾನೇ ಓದಬೇಕು. ಅಷ್ಟು ಮಾತ್ರ ಅವರಿಗೆ ಬೇಕಾಗಿತ್ತು.

ಪುಟ್ಟ ವಿಡಿಯೊ ಕಳಿಸುವ ದಿನ ಬಂತು. ಹೆಡ್‌ಮಾಸ್ಟರು ಇಡೀ ಶಾಲೆಯ ಮಕ್ಕಳನ್ನು ಅಂಗಳದಲ್ಲಿ ಸುತ್ತ ನಿಲ್ಲಿಸಿ, ಕೈ ಬೀಸಿಸಿ, ‘ನಾವು ಒಬ್ಬೊಬ್ಬರಾಗಿ ಓದುತ್ತೇವೆ!’ ಎಂದು ಎಲ್ಲರ ಕೈಲೂ ಒಟ್ಟಿಗೆ ಕೂಗಿಸಿದರು. ಚಿನ್ನದ ಅಂಚಿನ ಪ್ರಮಾಣಪತ್ರ ಬಂದೇಬಿಟ್ಟಿತು. ಅವರು ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡರು. ಇಂದ್ರಾಣಿ ಮೇಡಂ ಕಳಿಸಿದ್ದು ಕೋಮಲ ಒಂದು ಸಾಲಿನ ಜೊತೆ ಗುದ್ದಾಡುವ ವಿಡಿಯೊ. ಸಾಲು ಮುಗಿಯುವ ಮೊದಲೇ ವಿಡಿಯೊ ಮುಗಿದಿತ್ತು. ಉತ್ತರ ಬಂತು: ‘ಮಕ್ಕಳ ಸಂಭ್ರಮದ ಪಾಲ್ಗೊಳ್ಳುವಿಕೆ ಕಾಣುತ್ತಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ.’

ನಾಗೇಂದ್ರ ಫೋನು ಮಾಡಿದ. "ಮೇಡಂ, ನಿಮ್ಮೊಬ್ರದೇ ಬಾಕಿ. ನಮ್ ಕ್ಲಸ್ಟರ್‌ನಲ್ಲಿ ಎಲ್ರೂ ಬದಲಾಗವ್ರೆ, ನೀವೊಬ್ರು ಬದಲಾಗಿಲ್ಲ ಅಂತ ಮೇಲಿಂದ ಕೇಳ್ತಾವ್ರೆ."

"ಬದಲಾಗಿರೋಳು ನಾನೊಬ್ಳೇ ಕಣ್ರೀ ನಾಗೇಂದ್ರ."

"ಆಗಿದ್ರೆ ಒಳ್ಳೇದೇ ಬುಡಿ. ವಿಡಿಯೊ ಹಾಕಿ."

ಇತ್ತ ನಾಲೆ ಏರಿಯ ಮೇಲೆ ಗುಸುಗುಸು ಶುರುವಾಗಿತ್ತು. ಸದ್ದೇ ಇಲ್ಲ! ಮೇಡಂಗೆ ಹುಷಾರಿಲ್ಲವಂತೆ ಎಂದರು ಕೆಲವರು. ನರಸೀಪುರದಲ್ಲಿ ಮನೆ ಕಟ್ಟಿಸುತ್ತಿದ್ದಾರಂತೆ, ಪಾಠದ ಮೇಲೆ ಗ್ಯಾನವಿಲ್ಲ ಎಂದರು ಇನ್ನು ಕೆಲವರು. ಎಲ್ಲರಿಗಿಂತ ಹೆಚ್ಚು ನೊಂದವನು ಸಣ್ಣಯ್ಯ. ಕೈ ಮಾಡಿ ತೋರಿಸಲು ಅವನಿಗೆ ಈಗ ದನಿಯೇ ಇರಲಿಲ್ಲ. ಒಂದು ದಿನ ಟವಲು ಕೊಡವಿಕೊಂಡು ಶಾಲೆಗೇ ಬಂದ.

"ಏನ್ ಮೇಡಮ್ಮೋರೇ, ಇಸ್ಕೂಲು ಬಾಗ್ಲು ಮುಚ್ಚೋಯ್ತೋ ಏನೋ ಅಂದ್ಕಂಡೆ. ಮೊದ್ಲು ಏರಿ ಮ್ಯಾಲೆ ನಿಂತ್ರೆ ಪಾಠ ಕೇಳ್ತಿತ್ತು. ಈಗ ಕಪ್ಪೆ ವಟಗುಟ್ಟಾದು ಕೇಳ್ತದೆ. ಇಂಗಾದ್ರೆ ಎಂಗೆ ಏಳಿ?"

"ಕೂತ್ಕೊಳ್ಳಿ ಸಣ್ಣಯ್ಯನವರೇ. ಕೋಮಲ, ಹಳೇ ಪಾಠ ಹೇಳಮ್ಮ."

ಕೋಮಲ ಎಗರಿ ನಿಂತಳು. ಎಷ್ಟು ದಿನಗಳಿಂದ ಕಟ್ಟಿಹಾಕಿದ್ದ ಗಂಟಲೋ, ಹೆಂಚು ಹಾರಿಹೋಗುವ ಹಾಗೆ ಶುರುಮಾಡಿದಳು. ಮೇಡಂ ಅವಳ ಕೈಲಿದ್ದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. ದನಿ ಒಂದು ಅಕ್ಷರವೂ ತಪ್ಪದೆ ಹರಿಯಿತು.

ಸಣ್ಣಯ್ಯನ ಹಲ್ಲೆಲ್ಲ ಕಂಡಿತು. "ನೋಡಿ, ನೋಡಿ! ಮುಚ್ಚಿದ್ರೂ ಓದ್ತಾವ್ಳೆ ನಮ್ ಮಗ!"

"ಈಗ ನೀವು ಒಂದು ಮಾತು ಹೇಳಿ. ನಿಮಗೆ ತೋಚಿದ್ದು, ಯಾವುದಾದ್ರೂ ಸರಿ."

"ನಾನಾ? ಏನ್ ಏಳ್ಲಿ... ನಾಲೇಲಿ ನೀರು ಬಂದದೆ ಅಂತ ಬರ್ಕಳಿ."

ಮೇಡಂ ಬೋರ್ಡಿನ ಮೇಲೆ ಬರೆದರು: ‘ನಾಲೆಯಲ್ಲಿ ನೀರು ಬಂದಿದೆ.’ ಕೋಮಲ ಬೋರ್ಡಿನ ಹತ್ತಿರ ಹೋಗಿ ಬೆರಳಿಟ್ಟಳು. "ನಾ... ಲೆ... ಯ..." ಎಂದಳು. ‘ಲ್ಲಿ’ಯ ಹತ್ತಿರ ಬೆರಳು ನಿಂತಿತು. ತಾತನ ಕಡೆ ತಿರುಗಿ ನೋಡಿದಳು. ಅವಳ ತಾತ ಆಗತಾನೇ ಹೇಳಿದ ಮಾತು ಅದು, ಊಹಿಸಿ ಹೇಳಿಬಿಡಬಹುದಿತ್ತು. ಅದು ಅವಳಿಗೆ ಹೊಳೆಯಲಿಲ್ಲವೋ, ಹೊಳೆದರೂ ಹೇಳಲಿಲ್ಲವೋ. ತಲೆ ತಗ್ಗಿಸಿ ನಿಂತಳು.

ಸಣ್ಣಯ್ಯನ ಹಲ್ಲು ಒಂದೊಂದಾಗಿ ಒಳಗೆ ಹೋದವು. "ಇಷ್ಟ್ ವರ್ಸ ಏನ್ ಮಾಡ್ತಿದ್ರಿ ನೀವೆಲ್ಲ?" ಎಂದ.

"ಕೂಗಿಸ್ತಿದ್ದೆ ಸಣ್ಣಯ್ಯನವರೇ. ಏರಿ ಮೇಲೆ ನಿಮಗೆ ಕೇಳಿಸ್ಲಿ ಅಂತ."

ಮೇಡಂ ತರಿಸಿದ ಟೀಯನ್ನು ಅವನು ಮುಟ್ಟಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗದೆಯೇ, "ನಂಜನಗೂಡು ಸಾಯೇಬ್ರಿಗೆ ಬೆಳಗ್ಗೇನೇ ದೂರು ಏಳ್ಬುಟ್ಟೆ" ಎಂದು ಹೊರಟುಹೋದ. ಅದು ಬೆದರಿಕೆಯೋ ಪಶ್ಚಾತ್ತಾಪವೋ ಮೇಡಂಗೆ ತಿಳಿಯಲಿಲ್ಲ.

ವಿಷಯ ಕೇಳಿ ದೇವಯ್ಯನಿಗೆ ಒಳಗೊಳಗೇ ಖುಷಿ. "ವರ್ಗ ಮಾಡ್ತಾರೆ ಅಷ್ಟೇ ತಾನೆ? ಮಾಡ್ಲಿ ಬುಡು. ಈ ಕಡೆ ಎಲ್ಲಾದ್ರೂ ಹಾಕಿದ್ರೆ ಎರಡು ಬಸ್ಸಿನ ಗೋಳು ತಪ್ಪುತ್ತೆ. ಇಷ್ಟು ವರ್ಷ ಕೈಮುಗಿದ್ರೂ ಆಗದ್ದು ಒಂದು ದೂರಿನಲ್ಲಿ ಆಗೋ ಹಂಗದೆ."

"ಈಗ ಬೇಡ ಕಣ್ರೀ. ಆ ಹುಡುಗಿ ಇನ್ನೂ ಒತ್ತಕ್ಷರಕ್ಕೆ ಬಂದಿಲ್ಲ" ಎಂದರು ಮೇಡಂ.

ದೇವಯ್ಯ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ.

ಕೆಲವು ವಾರ ಕಳೆದು ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಜೀಪು ನಿಲ್ಲುವ ಮೊದಲೇ ಹೆಡ್‌ಮಾಸ್ಟರು ಮೇಡಂ ಕಿವಿಯ ಹತ್ತಿರ ಬಗ್ಗಿ, "ಇವತ್ತೊಂದಿನ ಕೂಗಿಸ್ಬಿಡಿ ತಾಯಿ. ನಾಳೆಯಿಂದ ನಿಮ್ಮಿಷ್ಟ. ಬಾಳೆಹಣ್ಣು, ಬಿಸ್ಕತ್ತು ಎಲ್ಲಾ ನಾನು ನೋಡ್ಕತೀನಿ" ಎಂದು ಬೇಡಿಕೊಂಡಿದ್ದರು. ನಾಗೇಂದ್ರ ಬಾಕಿ ವಿಡಿಯೊ ಇವತ್ತೇ ಮುಗಿಸಿಬಿಡೋಣ ಎಂದು ಫೋನು ಎತ್ತಿ ಹಿಡಿದೇ ಒಳಗೆ ಬಂದ. ದೂರು ಕೊಟ್ಟವನು ಎದುರಿಗಿರಬೇಕಲ್ಲ ಎಂದು ಸಣ್ಣಯ್ಯನೂ ಬಂದು ಬಾಗಿಲಲ್ಲಿ ನಿಂತ. ಮೇಡಂ ಅವನ ಕಡೆ ನೋಡಿದರು. ಅವನು ಮುಖ ಬೇರೆ ಕಡೆ ತಿರುಗಿಸಿದ.

ಮಕ್ಕಳು ಜೋಡಿಜೋಡಿಯಾಗಿ ಕೂತು ಪಿಸುಗುಟ್ಟುತ್ತಿದ್ದವು. ಸಾಹೇಬರು ಹುಬ್ಬು ಗಂಟಿಕ್ಕಿದರು. "ಏನೂ ಕೇಳ್ತಿಲ್ವಲ್ಲ ಮೇಡಂ? ದೂರು ಸರಿಯಾಗೇ ಇದೆ."

"ಒಬ್ಬಳ ಹತ್ರ ಓದಿಸ್ತೀನಿ ಸರ್, ಇನ್ನೂ ಮಾಡದ ಪಾಠ. ಕೋಮಲ, ಏಳಮ್ಮ."

ಕೋಮಲ ಎದ್ದಳು. ಬೆರಳಿಟ್ಟಳು. ಮೊದಲ ಪದ ದಾಟಿದಳು, ಎರಡನೆಯದೂ ಆಯಿತು. ಮೂರನೆಯದರಲ್ಲಿ ಒತ್ತಕ್ಷರ. ನಿಂತಳು. ಸಾಹೇಬರು ಗಡಿಯಾರ ನೋಡಿಕೊಂಡರು. ಅವರಿಗೆ ಹೆಮ್ಮರಗಾಲದ ಕಡೆ ಇನ್ನೂ ಶಾಲೆಗಳಿದ್ದವು.

"ಸ್ವಲ್ಪ ವೀಕಾ ಈ ಹುಡುಗಿ? ಒಬ್ಬೊಬ್ರೇ ಹಿಂಗೆ ಎಳೆದ್ರೆ ಎಷ್ಟೊತ್ತಿಗೆ ಮುಗಿಯೋದು. ಎಲ್ಲಾ ಒಟ್ಟಿಗೆ ಓದಿಸಿ. ತರಗತಿಯಲ್ಲಿ ಚೈತನ್ಯ ಇರ್ಬೇಕು."

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ಟರು ಕಿಟಕಿಯಾಚೆಯಿಂದ ಬ್ಯಾಂಡ್‌ಸೆಟ್ಟಿನ ಯಜಮಾನನಂತೆ ಕೈ ಎತ್ತಿಬಿಟ್ಟರು. ಮಕ್ಕಳಿಗೆ ಅಷ್ಟೇ ಸಾಕಾಗಿತ್ತು. ಹಳೇ ಪಾಠ ಭುಗಿಲೆಂದಿತು. ಹೆಂಚು ನಡುಗಿತು. ಏರಿಯ ಮೇಲೆ ಯಾರೋ ಗುದ್ದಲಿ ನಿಲ್ಲಿಸಿ ಸಂತೋಷಪಟ್ಟಿರಬೇಕು. ಸಾಹೇಬರ ಮುಖ ಬೆಳಗಿತು, ನಾಗೇಂದ್ರ ಫೋನನ್ನು ಆ ಮೂಲೆಯಿಂದ ಈ ಮೂಲೆಗೆ ಆಡಿಸಿದ. ಮೇಡಂ ಮಾತ್ರ ಹಾಗೇ ನಿಂತುಬಿಟ್ಟರು. ಇಷ್ಟು ವಾರ ಕಟ್ಟಿದ್ದೆಲ್ಲ ಒಂದು ಕೈಯೆತ್ತುವಷ್ಟರಲ್ಲಿ ಹೋಯಿತಲ್ಲ ಎಂದು ಕಣ್ಣು ತುಂಬಿಬಂತು.

ಆಗ ಸಾಹೇಬರು ಬೆರಳು ಮಾಡಿದರು. "ಆ ಹುಡುಗಿ ಯಾಕೆ ಸುಮ್ನೆ ನಿಂತಿದೆ? ಅದು ಸೇರ್ಕೊಳ್ತಾನೇ ಇಲ್ವಲ್ಲ?"

ಕೋಮಲ ಅಷ್ಟು ಗದ್ದಲದ ನಡುವೆ ಪುಸ್ತಕದ ಮೇಲೆ ಬಗ್ಗಿ ನಿಂತಿದ್ದಳು. ತುಟಿ ಆಡುತ್ತಿತ್ತು. ಅದು ಆ ಪಾಠದ ಲಯಕ್ಕೆ ಆಡುತ್ತಿರಲಿಲ್ಲ. ಬೆರಳು ಅದೇ ಮೂರನೇ ಪದದ ಕೆಳಗಿತ್ತು.

ಬಾಗಿಲಿನಿಂದ ಸಣ್ಣಯ್ಯ ಹೇಳಿದ: "ಅವ್ಳು ಓದ್ತಾವ್ಳೆ ಸಾ. ಮಿಕ್ಕವು ಕೂಗ್ತಾವೆ."

ಮೇಡಂ ಡಸ್ಟರು ತೆಗೆದು ಮೇಜಿಗೆ ಒಂದೇ ಏಟು ಕುಕ್ಕಿದರು. ಸದ್ದು ನಿಂತಿತು. "ನೀನು ನಿಲ್ಲಿಸ್ಬೇಡ ಕಣವ್ವ, ಓದು" ಎಂದರು. ಸಾಹೇಬರು ಮತ್ತೆ ಗಡಿಯಾರ ನೋಡಿ ಬಾಗಿಲ ಕಡೆ ಹೆಜ್ಜೆಯಿಟ್ಟರು. ಬಾಗಿಲಿಗೆ ಅಡ್ಡ ನಿಂತಿದ್ದ ಸಣ್ಣಯ್ಯ ಕದಲಲಿಲ್ಲ. "ವಸಿ ತಡೀರಿ ಸಾ, ಮಗ ಮುಗುಸ್ಲಿ" ಎಂದ. ಹೊರಗೆ ಜೀಪಿನ ಡ್ರೈವರು ಹಾರನ್ ಹೊಡೆಯುತ್ತಿದ್ದ. ಕೋಮಲ ಆ ಪದವನ್ನು ಒಡೆದಳು, ಕೂಡಿಸಿದಳು, ಮತ್ತೆ ಒಡೆದಳು. ಕೊನೆಗೆ ಇಡೀ ಸಾಲನ್ನು ಒಂದೇ ಉಸಿರಿಗೆ ಓದಿ ಪೂರ್ಣವಿರಾಮದ ಮೇಲೆ ಬೆರಳಿಟ್ಟು ತಲೆಯೆತ್ತಿದಳು. ಆ ದನಿ ಕಿಟಕಿಯನ್ನೂ ದಾಟುವಷ್ಟಿರಲಿಲ್ಲ. ಸಣ್ಣಯ್ಯ ಟವಲಿನಿಂದ ಮುಖ ಒರೆಸಿಕೊಂಡು ಬಾಗಿಲು ಬಿಟ್ಟ.

ನಾಗೇಂದ್ರ ತನ್ನ ವಿಡಿಯೊದಲ್ಲಿ ಕೂಗಿದ ಭಾಗವನ್ನಷ್ಟೇ ಕತ್ತರಿಸಿ ಕಳಿಸಿದ. ಮಾರನೇ ದಿನ ಬಸ್ಸಿನಲ್ಲಿದ್ದಾಗ ಮೇಡಂ ಫೋನಿಗೆ ಚಿನ್ನದ ಅಂಚಿನ ಪ್ರಮಾಣಪತ್ರ ಬಂತು. ತರಗತಿ ಸಂಪೂರ್ಣವಾಗಿ ಬದಲಾಗಿದೆ, ಮಕ್ಕಳ ಸಂಭ್ರಮದ ಪಾಲ್ಗೊಳ್ಳುವಿಕೆ ಅತ್ಯುತ್ತಮ ಎಂದು ಬರೆದಿತ್ತು. ಪಕ್ಕದಲ್ಲಿ ಕುಕ್ಕೆ ಇಟ್ಟುಕೊಂಡು ಕೂತಿದ್ದ ಮಲ್ಲಾಜಮ್ಮ ಇಣುಕಿ ನೋಡಿದಳು.

"ಏನವ್ವಾ, ಚಿನ್ನದಂಗೆ ಮಿಂಚ್ತದೆ? ಅವತ್ತು ಆ ಸೀರೆಯವ್ಳು ಕೇಳಿದ್ಳಲ್ಲ, ಗೊತ್ತಾಯ್ತಾ? ಓದ್ತಾವಾ ನಿಮ್ ಮಕ್ಕ?"

ಇಂದ್ರಾಣಿ ಮೇಡಂ ಫೋನನ್ನು ಬ್ಯಾಗಿನೊಳಗೆ ತಳ್ಳಿದರು.

"ಒಬ್ಬಳು ಓದ್ತಾಳೆ ಕಣಮ್ಮ."